ನಾಳೆಯ ಪಾಲು

ಈ ಪುಸ್ತಕ ತೆರೆದರೆ ಅರಿಶಿನದ ವಾಸನೆ ಬರುತ್ತದೆ. ನಿಜವಾಗಿಯೂ ಬರುತ್ತದೋ, ಬರಲೇಬೇಕೆಂದು ನನ್ನ ಮೂಗು ಹಟ ಹಿಡಿದಿದೆಯೋ ಹೇಳಲಾರೆ. ಹೆಂಡತಿ ಸುಗುಣಳನ್ನು ಕೇಳಿದರೆ, "ಹಳೇ ಕಾಗದದ ವಾಸನೆ ರೀ ಅದು, ನಿಮಗೆ ಎಲ್ಲದಕ್ಕೂ ಒಂದು ಕತೆ ಬೇಕು" ಎನ್ನುತ್ತಾಳೆ. ಇವತ್ತು ಅವಳನ್ನು ಕೇಳುವ ಹಾಗಿಲ್ಲ. ಅವಳು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಳೆ. ನಾನು ಅವಳಿಗೆ ಕಾಣದ ಹಾಗೆ ದೊಡ್ಡಮ್ಮನ ಸತ್ಯವೇದವನ್ನು, ಅದೇ ಅವಳ ಹಳೇ ಬೈಬಲನ್ನು, ಕೈಗೆತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದೇನೆ. ಸಂಜೆಯ ಓದಿಗೆ ಇನ್ನೂ ಹೊತ್ತಿದೆ. ನನಗೆ ಬೇಕಾಗಿರುವುದು ಇವತ್ತಿನ ಅಧ್ಯಾಯವಲ್ಲ, ನಾಳೆಯದು.

ಕಾರಣ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ಸುಗುಣಳ ರಿಪೋರ್ಟು ಬರುತ್ತದೆ. ಅವಳ ಎದೆಯಲ್ಲೊಂದು ಗಂಟು. ಇಲ್ಲಿ ಚಾಮರಾಜನಗರದ ಡಾಕ್ಟರು ಅದರದೊಂದು ಚೂರು ತೆಗೆದು ಮೈಸೂರಿಗೆ ಪರೀಕ್ಷೆಗೆ ಕಳಿಸಿದ್ದಾರೆ. "ಗಾಬರಿ ಏನಿಲ್ಲ, ನೋಡೋಣ" ಅಂದರು. ಡಾಕ್ಟರು ಗಾಬರಿ ಏನಿಲ್ಲ ಅಂದ ಮೇಲೆ ಗಾಬರಿಯಾಗದ ಗಂಡನನ್ನು ನಾನಂತೂ ಕಂಡಿಲ್ಲ. ಅವತ್ತಿನಿಂದ ನಾನು ಕೂತಲ್ಲಿ ಕೂತಿಲ್ಲ. ಮೊದಲಾದರೂ ಎಲ್ಲಿ ಕೂರುತ್ತಿದ್ದೆ ಅನ್ನಿ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ನಾನು, ಸೀಟಿ ಊದುತ್ತ ಮೈದಾನ ಸುತ್ತುವುದಕ್ಕೇ ಸಂಬಳ. ಚರ್ಚಿನಲ್ಲೂ ಬಾಗಿಲ ಹತ್ತಿರದ ಬೆಂಚೇ ನನ್ನದು. ಅಯ್ಯನವರ ಪ್ರಸಂಗ ಉದ್ದವಾದರೆ ಎದ್ದು ಹೋಗಿ, ಬೈಕಿಗೆ ಬಿಸಿಲು ಬಿದ್ದಿದೆಯೇ ಎಂದು ನೋಡಿಕೊಂಡು ಬರಲು ಅನುಕೂಲ.

ತಡೆಯಿರಿ, ಒಲೆಯ ಮೇಲೆ ಹಾಲಿಟ್ಟಿದ್ದೆ. ಒಲೆ ಆರಿಸಿ ಬಂದೆ.

ದೊಡ್ಡಮ್ಮನ ಮನೆ ತೆರಕಣಾಂಬಿಯಲ್ಲಿತ್ತು. ಗುಂಡ್ಲುಪೇಟೆಯಲ್ಲಿ ಪಿಯುಸಿ ಓದುವಾಗ ನಾನು ಅವಳ ಮನೆಯಲ್ಲೇ ಇದ್ದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ದೊಡ್ಡಪ್ಪನಿಗೆ ಸ್ವಲ್ಪ ಜಮೀನು, ಅದರಲ್ಲಿ ಅರಿಶಿನ. ಅರಿಶಿನ ಬೇಯಿಸಿ ಒಣಗಿಸುವ ದಿನಗಳಲ್ಲಿ ದೊಡ್ಡಮ್ಮನ ಕೈ ಮೊಣಕೈವರೆಗೂ ಹಳದಿ. ಎಷ್ಟು ಸೋಪು ಹಾಕಿ ತಿಕ್ಕಿದರೂ ಬೆರಳಿನ ಬಣ್ಣ ಹೋಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅದೇ ಕೈಯಲ್ಲಿ ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. ದಿನಕ್ಕೆ ಒಂದು ಅಧ್ಯಾಯ. ಅದಕ್ಕೆ ಅವಳು 'ಪಾಲು' ಎನ್ನುತ್ತಿದ್ದಳು. ಇವತ್ತಿನ ಪಾಲು ಓದದೆ ಯಾರ ತಟ್ಟೆಗೂ ಮುದ್ದೆ ಬೀಳುತ್ತಿರಲಿಲ್ಲ. ಹಾಗಾಗಿ ಈ ಪುಸ್ತಕದಲ್ಲಿ ಒಂದಷ್ಟು ಹಾಳೆ ಬೆಳ್ಳಗಿವೆ, ಇದ್ದಕ್ಕಿದ್ದಂತೆ ಒಂದಷ್ಟು ಹಳದಿ, ಮತ್ತೆ ಬೆಳ್ಳಗೆ. ಹಳದಿ ಸಿಕ್ಕಿತೆಂದರೆ ಆ ವರ್ಷ ಅರಿಶಿನದ ಕಾಲಕ್ಕೆ ದೊಡ್ಡಮ್ಮ ಆ ಹಾಳೆಗಳಲ್ಲಿದ್ದಳು ಎಂದು ತಿಳಿಯಬೇಕು. ಕೊನೆಯ ಹಾಳೆ ಮುಗಿದ ಮರುದಿನ ಯಾವ ಸಡಗರವೂ ಇಲ್ಲದೆ ಮತ್ತೆ ಮೊದಲ ಹಾಳೆ.

ಬೇಕಾದ್ದನ್ನು ಆರಿಸಿಕೊಂಡು ಓದುವುದು ಆ ಮನೆಯಲ್ಲಿ ಇರಲಿಲ್ಲ. ಮದುವೆಯಿರಲಿ, ಜ್ವರವಿರಲಿ, ಗುರುತಿಗಿಟ್ಟ ರವಿಕೆ ಬಟ್ಟೆಯ ಚೂರು ಎಲ್ಲಿದೆಯೋ ಅಲ್ಲಿಂದಲೇ ಮುಂದಕ್ಕೆ. ದೊಡ್ಡಮ್ಮನ ಮಗಳ ನಿಶ್ಚಿತಾರ್ಥದ ಸಂಜೆ ಕುಷ್ಠ ಬಂದವರನ್ನು ಪಾಳೆಯದಿಂದ ಹೊರಗಿಡುವ ನಿಯಮಗಳು ಬಂದವು. ಬೀಗರು ಮುಖ ಮುಖ ನೋಡಿಕೊಂಡರು. ಅಯ್ಯನವರು ಮೆಲ್ಲಗೆ, "ಇವತ್ತೊಂದಿನ ಒಳ್ಳೇ ವಾಗ್ದಾನದ ವಚನ ಓದಬಹುದಲ್ಲಮ್ಮ" ಅಂದರು.

"ಪಾಯ್ಸದಲ್ಲಿ ಗೋಡಂಬಿ ಮಾತ್ರ ಆಯ್ಕಂಡು ತಿನ್ನಕ್ಕಾದದಾ ಅಯ್ನೋರೆ?" ಅಂದಳು ದೊಡ್ಡಮ್ಮ.

ಆಗುತ್ತದೆ. ನಾನು ಹಾಗೇ ತಿನ್ನುತ್ತಿದ್ದೆ.

ನನ್ನ ಚಟ ಬೇರೆಯೇ ಇತ್ತು. ಮರುದಿನದ ಪಾಲನ್ನು ಕದ್ದು ನೋಡುವುದು. ಪರೀಕ್ಷೆಯ ಹಿಂದಿನ ದಿನ ಬಟ್ಟೆ ಚೂರು ಸರಿಸಿ ಒಂದು ಹಾಳೆ ಮುಂದೆ ತಿರುಗಿಸುತ್ತಿದ್ದೆ. ಯುದ್ಧ ಗೆದ್ದ ಅಧ್ಯಾಯವಾದರೆ ಪಾಸು, ಸೆರೆ ಹೋದ ಅಧ್ಯಾಯವಾದರೆ ಫೇಲು. ಸೆರೆ ಹೋದ ದಿನ ಪಾಸಾಗಿ, ಗೆದ್ದ ದಿನ ಲೆಕ್ಕದಲ್ಲಿ ಡುಮ್ಕಿ ಹೊಡೆದರೂ ನನಗೆ ಬುದ್ಧಿ ಬರಲಿಲ್ಲ. ಒಂದು ಸಲ ಸಿಕ್ಕಿಬಿದ್ದೆ.

"ಏನ್ಲಾ ನೋಡ್ತಿದ್ದೀಯೆ?"

"ನಾಳೆದು ಒಳ್ಳೇದೋ ಕೆಟ್ಟದ್ದೋ ಅಂತ."

"ಅದೇನ್ ಹಲ್ಲಿನಾ, ಲೊಚಗುಟ್ಟಿ ಶಕುನ ಏಳಕ್ಕೆ? ನಾಳೆ ಪಾಲು ನಾಳೀಕೆ ಕಣ್ಲಾ. ಮುಚ್ಚು."

ಮುಚ್ಚಿದೆ. ಆದರೆ ಅವಳು ಅತ್ತ ಹೋದ ಮೇಲೆ ಮತ್ತೆ ನೋಡಿದೆ. ನನ್ನ ಜಾಯಮಾನವೇ ಅದು.

ಆ ವರ್ಷ ಅರಿಶಿನದ ಮೂಟೆ ತುಂಬಿದ್ದ ಟ್ರಾಕ್ಟರು ಗುಂಡ್ಲುಪೇಟೆ ರಸ್ತೆಯ ತಿರುವಿನಲ್ಲಿ ಮಗುಚಿತು. ಮೂಟೆಗಳ ಮೇಲೆ ಕೂತಿದ್ದ ದೊಡ್ಡಪ್ಪ ಅಡಿಯಲ್ಲಿ ಸಿಕ್ಕಿಕೊಂಡರು. ಅವರ ಮಗ ಸಿಕ್ಕಿದ ಜೀಪಿಗೆ ಹಾಕಿಕೊಂಡು ಮೈಸೂರಿನ ಆಸ್ಪತ್ರೆಗೆ ಓಡಿದ. ಎದುರಿನ ದಿನಸಿ ಅಂಗಡಿಯಲ್ಲಿ ಫೋನಿತ್ತು, ಅಲ್ಲಿಗೆ ಸುದ್ದಿ ಹೇಳುತ್ತೇನೆಂದಿದ್ದ. ನಾನು ದಿನವಿಡೀ ಮನೆಗೂ ಅಂಗಡಿಗೂ ತಿರುಗಿದೆ. ಕೊನೆಗೆ ಅಂಗಡಿಯವರಿಗೇ ಸಾಕಾಗಿ, "ಫೋನ್ ಬಂದ್ರೆ ನಾನೇ ಕೂಗ್ತೀನಿ ಓಗಪ್ಪ" ಅಂದರು.

ದೀಪ ಹಚ್ಚುವ ಹೊತ್ತಾಯಿತು. ಪಕ್ಕದ ಮನೆಯ ಗೌರಮ್ಮ ಹಣೆ ತುಂಬ ವಿಭೂತಿ ಧರಿಸಿ, ತಮ್ಮ ಶಿವಪೂಜೆ ಮುಗಿಸಿಕೊಂಡು ಬಂದು ಕಂಬಕ್ಕೊರಗಿ ಕೂತಿದ್ದರು. ದೊಡ್ಡಮ್ಮ ಪುಸ್ತಕ ತೆಗೆದಳು, ಬಾಯಿ ತೆರೆದಳು, ಧ್ವನಿ ಬರಲಿಲ್ಲ. "ನೀನೇ ಓದ್ಲಾ ಮಗ" ಎಂದು ನನ್ನ ಕೈಗೆ ಕೊಟ್ಟಳು. ನಾನು ಬಟ್ಟೆ ಚೂರನ್ನು ಬಿಟ್ಟು ನೇರವಾಗಿ, ದೇವರೇ ನನ್ನನ್ನು ಕಾಯುವ ಕುರುಬ ಎನ್ನುವ ಕೀರ್ತನೆಗೆ ಹೋದೆ. ಸಾವಿನ ನೆರಳು ಬಿದ್ದ ಮನೆಗಳಲ್ಲಿ ನಮ್ಮವರು ಓದುವುದು ಅದನ್ನೇ. ನನಗೂ ಅದು ಬೇಕಾಗಿತ್ತು, ಅಷ್ಟು ಹೆದರಿದ್ದೆ.

"ಅದು ಇವತ್ತಿಂದಲ್ಲ."

"ಇವತ್ತಾದ್ರೂ ಇದು ಇರ್ಲಿ ದೊಡ್ಡಮ್ಮ."

"ಬ್ಯಾಡ. ನಂಗೆ ಬೇಕಾದ್ದೇ ಆಯ್ಕಂಡ್ರೆ, ನನ್ ಮಾತ್ನೇ ನಾನು ಕೇಳುಸ್ಕಂಡಂಗಾಯ್ತದೆ. ಗುರ್ತು ಎಲ್ಲೈತೋ ಅಲ್ಲಿಂದ ಓದು."

ಗುರುತಿದ್ದ ಕಡೆ ಏನಿತ್ತು ಗೊತ್ತೆ? ಬಿದ್ದುಹೋದ ಊರಗೋಡೆಯ ದುರಸ್ತಿ. ಈ ಬಾಗಿಲಿನಿಂದ ಆ ಬುರುಜಿನವರೆಗೆ ಇಂಥವರು ಕಟ್ಟಿದರು, ಅವರ ಪಕ್ಕದಲ್ಲಿ ಇಂಥವರು, ಅವರ ಪಕ್ಕದಲ್ಲಿ ಮತ್ತೊಬ್ಬರು. ಅಕ್ಕಸಾಲಿಗರು, ವ್ಯಾಪಾರಿಗಳು, ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ಒಬ್ಬ ಯಜಮಾನ. ನಾಲಿಗೆಗೆ ಸಿಕ್ಕದ ಹೆಸರುಗಳು. ಕಿವಿ ಅಂಗಡಿಯ ಕಡೆಗಿಟ್ಟು, ಸಿಟ್ಟಿನಲ್ಲಿ ದಡಬಡ ಓದಿದೆ.

"ಅಷ್ಟ್ ಜನ ಸೇರ್ಕಂಡು ಒಂದ್ ಗ್ವಾಡೆ ಕಟ್ಟದಾ?" ಅಂದರು ಗೌರಮ್ಮ.

"ಊರ್ ಗ್ವಾಡೆ ಕಣಕ್ಕ. ಬಿದ್ದೋಗಿತ್ತು" ಅಂದಳು ದೊಡ್ಡಮ್ಮ.

"ಬಿದ್ರೆ ಕಟ್ಬೇಕಲ್ಲ ಮತ್ತೆ" ಎನ್ನುತ್ತ ಗೌರಮ್ಮ ಕಂಬ ಬಿಟ್ಟು ಸರಿದು, ದೊಡ್ಡಮ್ಮನ ಪಕ್ಕಕ್ಕೆ ಬಂದು ಕೂತರು. ನಾನು ಓದುತ್ತ ಹೋದೆ. ಅಧ್ಯಾಯ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ಕೂಗುತ್ತೇನೆ ಅಂದಿದ್ದ ಅಂಗಡಿಯವರು ಕೂಗಿರಲಿಲ್ಲ. ತಾವೇ ಬಂದು, ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತಿದ್ದರು. ದೊಡ್ಡಪ್ಪ ಹೋಗಿಬಿಟ್ಟಿದ್ದರು.

ಮರುದಿನ ಮಧ್ಯಾಹ್ನ ಮಣ್ಣು ಮಾಡಿ ಬಂದೆವು. ದೊಡ್ಡಮ್ಮ ಒಂದು ಹನಿ ಅತ್ತಿರಲಿಲ್ಲ, ಎಲ್ಲರಿಗೂ ಅದೇ ಚಿಂತೆ. ಸಂಜೆಯಾಗುತ್ತಲೇ, "ಪುಸ್ತಕ ತಕ್ಕಂಡು ಬಾ" ಅಂದಳು. ಇವತ್ತೂನಾ ಎಂದು ನನಗೆ ಮೈಯೆಲ್ಲ ಉರಿಯಿತು. ತಂದು ಓದಿದೆ. ಗೋಡೆ ಕಟ್ಟುವವರನ್ನು ಶತ್ರುಗಳು ಹಾಸ್ಯ ಮಾಡುತ್ತಾರೆ: ಕಟ್ಟಲಿ ಬಿಡಿ, ಒಂದು ನರಿ ಹತ್ತಿದರೂ ಸಾಕು, ಕುಸಿದು ಬೀಳುತ್ತದೆ.

ಆಗ ದೊಡ್ಡಮ್ಮ ನಕ್ಕುಬಿಟ್ಟಳು.

ದೊಡ್ಡಪ್ಪ ಹಿತ್ತಲಿಗೆ ತಾವೇ ಕಲ್ಲು ಮಣ್ಣು ಹೊತ್ತು ಒಂದು ಗೋಡೆ ಕಟ್ಟಿದ್ದರು, ಕೂಲಿಯವರನ್ನು ಹತ್ತಿರ ಸೇರಿಸಿರಲಿಲ್ಲ. ಎಂಟು ದಿನ ಅದನ್ನೇ ನೋಡುತ್ತ ಮೀಸೆ ತಿರುವಿದರು. ಒಂಬತ್ತನೇ ದಿನ ಗೌರಮ್ಮನ ಮೇಕೆ ಹತ್ತಿತು. ಗೋಡೆಯೂ ಮೇಕೆಯೂ ಒಟ್ಟಿಗೆ ಕೆಳಗೆ ಬಂದವು.

"ನರಿ ಯಾಕ್ ಬೇಕಿತ್ತು ಗೌರಕ್ಕ, ನಿನ್ ಮೇಕೆ ಸಾಕಾಯ್ತಲ್ಲ" ಎಂದು ನಗುತ್ತ ನಗುತ್ತಲೇ ದೊಡ್ಡಮ್ಮನ ನಗು ಎಲ್ಲೋ ಮುರಿಯಿತು. ಗೌರಮ್ಮನ ಹೆಗಲ ಮೇಲೆ ತಲೆಯಿಟ್ಟು, ಮನೆ ತುಂಬ ಕೇಳುವ ಹಾಗೆ ಅತ್ತಳು. ಕುರುಬನ ಕೀರ್ತನೆ ಓದಿದ್ದರೆ ಆ ಅಳು ಬರುತ್ತಿತ್ತೋ ಇಲ್ಲವೋ. ನಾನು ಆರಿಸಿ ಕೊಡುವುದಾಗಿದ್ದರೆ ಆ ನರಿಯನ್ನಂತೂ ಆರಿಸುತ್ತಿರಲಿಲ್ಲ. ಅತ್ತು ಮುಗಿಸಿ ದೊಡ್ಡಮ್ಮ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕಣ್ಣೀರು ಒರೆಸಿದ ಬೆರಳನ್ನೇ ಆ ಸಾಲಿನ ಕೆಳಗಿಟ್ಟು ಇನ್ನೊಂದು ಸಲ ಓದಿದಳು. ಆ ಕಾಲದ ಹಳದಿ ಹಾಳೆಗಳ ನಡುವೆ ನಾನು ಓದಿದ ಹಾಳೆ ಇವತ್ತಿಗೂ ಬೆಳ್ಳಗಿದೆ, ನರಿಯ ಕೆಳಗೆ ಒಂದು ಬೆರಳಿನ ಗುರುತು ಮಾತ್ರ ಹಳದಿ.

ದೊಡ್ಡಮ್ಮ ತೀರಿಕೊಂಡ ಮೇಲೆ ಪುಸ್ತಕ ನನಗೆ ಬಂತು. ಅವಳು ನಿಲ್ಲಿಸಿದಲ್ಲಿಂದಲೇ ನಾವು ಮುಂದುವರಿಸಿದೆವು. ನಾನು ನಡುಮನೆಯಲ್ಲಿ ಓಡಾಡುತ್ತ ಓದುತ್ತೇನೆ, ಸುಗುಣ ಚಾಪೆಯ ಮೇಲೆ ಕೂತು ಕೇಳುತ್ತಾಳೆ. ಬೇಸರ ಬಂದ ದಿನಗಳೇ ಹೆಚ್ಚು, ಸುಳ್ಳೇಕೆ ಹೇಳಲಿ. ಈಗ ನೋಡಿ, ಹೆಬ್ಬೆರಳು ಹಾಳೆಯ ತುದಿಯಲ್ಲೇ ಇದೆ. ತಿರುಗಿಸಿದರೆ ನಾಳೆ ಕಾಣುತ್ತದೆ.

"ಏನ್ರೀ, ಇಷ್ಟು ಬೇಗ ಪುಸ್ತಕ ಹಿಡಿದಿದ್ದೀರಿ?" ಬಟ್ಟೆಯ ರಾಶಿ ಹೊತ್ತು ಸುಗುಣ ಒಳಗೆ ಬಂದಳು.

"ಸುಮ್ಮನೆ. ಬಾ, ಓದಿಬಿಡೋಣ" ಅಂದೆ.

ಇವತ್ತಿನ ಪಾಲು ಬರೀ ವಂಶಾವಳಿ. ಇವನ ಮಗ ಅವನು, ಅವನ ಮಗ ಇನ್ನೊಬ್ಬ. ನಾನು ನಡೆಯುತ್ತ ಎಡವುತ್ತ ಓದಿದೆ. "ಹೋದ ಸಲವೂ ಆ ಹೆಸರು ನಿಮಗೆ ಬರಲಿಲ್ಲ" ಎಂದು ಅವಳು ನಕ್ಕಳು. ಓದು ಮುಗಿಯಿತು. ಅವಳು ಒಂದು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತ, ನನ್ನ ಕಡೆ ನೋಡದೆ ಕೇಳಿದಳು.

"ನಾಳೆದು ಏನಿದೆ, ಸ್ವಲ್ಪ ನೋಡಿ."

ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಹಾಗೆ ಕೇಳಿದವಳಲ್ಲ. ನನ್ನ ಓಡಾಟದ ಗದ್ದಲದಲ್ಲಿ ಅವಳ ಭಯ ನನಗೆ ಕೇಳಿಸಿರಲೇ ಇಲ್ಲ. ಒಳ್ಳೆಯದೇ ಇದೆ ಎಂದು ಹೇಳಿಬಿಡಲು ನಾಲಿಗೆ ತುದಿಗೆ ಬಂದಿತ್ತು. ಬಟ್ಟೆ ಚೂರನ್ನು ಹಾಳೆಗಳ ನಡುವೆ ಇಟ್ಟು ಪುಸ್ತಕ ಮುಚ್ಚಿದೆ.

"ಗೊತ್ತಿಲ್ಲ ಸುಗುಣ. ನಾಳೆ ಓದೋಣ."

"ಕೆಟ್ಟದ್ದಿದ್ರೆ?"

"ಅದನ್ನೂ ಓದೋಣ."

ಅವಳು ಚಾಪೆಯ ಮೇಲಿದ್ದ ಬಟ್ಟೆಯನ್ನು ಆಚೆ ಸರಿಸಿ ಜಾಗ ಮಾಡಿದಳು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ.