ಗುತ್ತೆವ್ವ ಪೋಣಿಸಿದ ತಾಳಿ

ಸವಣೂರಿನ ಗುತ್ತೆವ್ವನ ಕೊರಳಿಗೆ ಯಾವ ಗಂಡಸೂ ತಾಳಿ ಕಟ್ಟಿರಲಿಲ್ಲ. ಆದರೂ ಅವಳಷ್ಟು ಗಟ್ಟಿ ಮುತ್ತೈದೆ ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಇನ್ನೂ ಲಂಗ ತೊಡುವ ವಯಸ್ಸಿನಲ್ಲೇ ತಾಯಿ ಅಡಿವೆವ್ವ ಅವಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ. ದೇವರಿಗೆ ಸಾವಿಲ್ಲ, ಹಾಗಾಗಿ ದೇವರಿಗೆ ಬಿಟ್ಟವಳಿಗೆ ವಿಧವೆತನವಿಲ್ಲ ಎಂಬುದು ಜನರ ನಂಬಿಕೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ದೊಡ್ಡ ಮನೆಯಲ್ಲಿ ಮದುವೆಯಾದರೂ ವಧುವಿನ ತಾಳಿಗೆ ಕರಿಮಣಿ ಪೋಣಿಸಲು ಗುತ್ತೆವ್ವನಿಗೇ ಕರೆ ಬರುತ್ತಿತ್ತು. ಮಣೆ ಹಾಕಿ ಕೂಡಿಸುವರು, ಮೊದಲ ಉಡಿ ಅವಳಿಗೇ ತುಂಬುವರು. ಊಟ ಮಾತ್ರ ಹಿತ್ತಲ ಕಟ್ಟೆಯ ಮೇಲೆ. ಅವಳ ಕೈ ಬೇಕು, ಅವಳು ಬೇಡ! ಮರ್ಯಾದಸ್ಥರ ಮರ್ಯಾದೆ ಇರುವುದೇ ಹೀಗೆ. ಗುತ್ತೆವ್ವ ಅದಕ್ಕೆಲ್ಲ ಕೊರಗುವ ಹೆಂಗಸಲ್ಲ. “ಹಿತ್ತಲದಾಗ ಗಾಳಿ ಚಲೋ ಬರ್ತೈತಿ” ಎಂದು ಇನ್ನೆರಡು ಹೋಳಿಗೆ ಹಾಕಿಸಿಕೊಂಡು ಉಣ್ಣುತ್ತಿದ್ದಳು.

ಅವಳ ಮನೆಗೆ ಎಲೆ ತೋಟದ ಸಾಹುಕಾರನೊಬ್ಬ ಬಂದುಹೋಗುತ್ತಿದ್ದ. ಅವನು ತೀರಿಕೊಂಡಾಗ ಅವನ ಹೆಂಡತಿಯ ಕುಂಕುಮ ಹೋಯಿತು, ಗುತ್ತೆವ್ವನದು ಹಣೆಯಲ್ಲೇ ಉಳಿಯಿತು. ನಾಲ್ಕು ದಿನ ಅತ್ತಳು. ಆಮೇಲೆ ಬದುಕಬೇಕಲ್ಲ ಎಂದು ಒಂದು ಎಮ್ಮೆ ಕಟ್ಟಿದಳು.

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಆ ಎಮ್ಮೆ ಈಯಲಾರದೆ ಒದ್ದಾಡಿತು. ದನದ ದವಾಖಾನೆಯಿಂದ ಓಡಿ ಬಂದವನು ಕಂಪೌಂಡರ್ ಉಳಿವೆಪ್ಪ. ತಿಳವಳ್ಳಿಯ ಭರಮಪ್ಪನವರ ಒಬ್ಬನೇ ಮಗ. ಗದ್ದೆ, ಮನೆ, ಮಾನ ಎಲ್ಲ ಬೇಕಾದಷ್ಟಿದ್ದ ವಂಶ. ಧೈರ್ಯವೊಂದು ಕಮ್ಮಿ ಎಂಬುದು ಆಮೇಲೆ ತಿಳಿಯಿತು. ಎಮ್ಮೆಯ ಮುಂದೆ ಮಾತ್ರ ಅವನು ಹುಲಿ. ಅಂಗಿ ಕಳಚಿ, ಮೊಣಕಾಲೂರಿ, ಅಡ್ಡ ಸಿಕ್ಕಿಕೊಂಡಿದ್ದ ಕರುವನ್ನು ತಿರುಗಿಸಿ ಹೊರಗೆಳೆದ. ತಾಯಿ ಉಳಿಯಿತು, ಕರುವೂ ಉಳಿಯಿತು. ಅವನ ಕೈಗೆ ಬಿಸಿನೀರು ಹಾಕುತ್ತ ಗುತ್ತೆವ್ವ ಹೇಳಿದಳು:

“ನಾಳೆ ಗಿಣ್ಣ ಮಾಡತೇನಿ. ತಿನ್ನಾಕ ಬರ್ರಿ.”

ಗಿಣ್ಣದ ಹಾಲು ನಾಲ್ಕು ದಿನಕ್ಕೆ ಮುಗಿಯುತ್ತದೆ. ಉಳಿವೆಪ್ಪ ಮೂರು ವರ್ಷ ಬಂದ.

ಗುತ್ತೆವ್ವ ಚೆನ್ನಾಗಿ ಹಾಡುತ್ತಿದ್ದಳು. ಅವಳ ಹಾಡು ಕೇಳಲು ಬರುವವರು ಹಾಡು ಮುಗಿದೊಡನೆ ಒಳಕೋಣೆಯ ಹೊಸ್ತಿಲ ಕಡೆ ನೋಡುವವರೇ. ಇವನೊಬ್ಬ ಹಾಡು ಮುಗಿದ ಮೇಲೂ ಕೂತು, ಅವಳ ಜೊತೆ ಬೆಳ್ಳುಳ್ಳಿ ಸುಲಿಯುತ್ತ ಊರ ದನಗಳ ಸುಖದುಃಖ ಹೇಳುತ್ತಿದ್ದ. ಗುತ್ತೆವ್ವ ಅವನನ್ನು ಪ್ರೀತಿಸಿದಳು. ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ? ಅವನ ಸೈಕಲ್ಲು ಓಣಿಗೆ ತಿರುಗಿದರೆ ಅವಳ ಮುಖ ಅರಳುತ್ತಿತ್ತು, ಓಣಿಗೆಲ್ಲ ಕಾಣುವ ಹಾಗೆ.

“ಉಗಾದಿಗೆ ಊರಿಗೆ ಹೋದಾಗ ಅವ್ವಗ ಹೇಳೇ ಬಿಡ್ತೇನಿ” ಎಂದ ಉಳಿವೆಪ್ಪ. “ಹಿರೇಕೆರೂರಿಗೆ ಬದಲಿ ಮಾಡಿಸಿಕೊಂಡು ಇಬ್ಬರೂ ಅಲ್ಲೇ ಮನಿ ಮಾಡೂಣು.”

“ಮೊದಲ ಬಾಯಿ ಬಿಡ್ರಿ, ಆಮ್ಯಾಲ ಮನಿ” ಎಂದು ಅವಳು ನಕ್ಕಳು. ನಕ್ಕಳೇ ಹೊರತು, ಆ ಮನೆಯಲ್ಲಿ ಒಲೆ ಎಲ್ಲಿ, ಎಮ್ಮೆ ಎಲ್ಲಿ ಎಂದು ಅಂದೇ ಯೋಚಿಸತೊಡಗಿದ್ದಳು.

ಉಗಾದಿ ಬಂತು, ಹೋಯಿತು. ಉಳಿವೆಪ್ಪ ಬರಲಿಲ್ಲ. ಬಂದವಳು ಅವನ ತಾಯಿ ಮುದಕವ್ವ, ಬಾಳೆಹಣ್ಣು, ಕುಪ್ಪಸದ ಖಣ ಹಿಡಿದುಕೊಂಡು. ಇದು ಮಗ ಬಂದುಹೋಗುವ ಮನೆ ಎಂಬುದು ಆ ಹೆಂಗಸಿಗೆ ಗೊತ್ತೇ ಇರಲಿಲ್ಲ.

“ತಿಳವಳ್ಳಿಯಿಂದ ಬಂದೇನವಾ. ನನ್ನ ಮಗ ಉಳಿವೆಪ್ಪ ಇಲ್ಲೇ ದನದ ದವಾಖಾನ್ಯಾಗ ಅದಾನ. ಅವಗ ಅಬಲೂರ ಹುಡುಗಿ ಗೊತ್ತಾಗೇತಿ. ತಾಳಿ ನೀನ ಪೋಣಿಸಬೇಕು. ನನ್ನ ಮಗಳ ತಾಳಿ ಯಾರೋ ಪೋಣಿಸಿದ್ರು, ವರ್ಷದಾಗ ಕುಂಕುಮ ಕಳಕೊಂಡು ಬಂದ್ಲು. ಈ ಸಲ ಹಂಗ ಆಗಬಾರದವ್ವಾ.”

“ಮಗ ಏನಂತಾರ್ರಿ?”

“ಅದೇನಂತೈತಿ, ಬಾಯಿಲ್ಲದ ಕೂಸು. ನೀ ಹೆಂಗಂದ್ರ ಹಂಗ ಅವ್ವಾ ಅಂತು.”

ಗುತ್ತೆವ್ವ ಬರುವುದಿಲ್ಲ ಎನ್ನಬಹುದಿತ್ತು. ಆದರೆ ತನ್ನನ್ನು ಕಂಡಾಗ ಆ ಬಾಯಿಲ್ಲದ ಕೂಸಿನ ಮುಖ ಹೇಗಾಗುತ್ತದೆ ನೋಡಬೇಕು ಎಂಬ ಸಿಟ್ಟಿಗೇ ಒಪ್ಪಿಕೊಂಡಳು.

ಮದುವೆಯ ಹಿಂದಿನ ದಿನ ತಿಳವಳ್ಳಿಯ ದೊಡ್ಡ ಮನೆಯಲ್ಲಿ ಮಣೆ ಹಾಕಿದರು. ತಟ್ಟೆಯಲ್ಲಿ ಅರಿಷಿಣದ ದಾರ, ಕರಿಮಣಿ, ತಾಳಿ. ಪೋಣಿಸುವವಳ ಮನಸ್ಸು ಕಹಿಯಾಗಿದ್ದರೆ ತಾಳಿ ಬಾಳುವುದಿಲ್ಲ ಎಂದು ಆ ಸೀಮೆಯ ಹೆಂಗಸರೆಲ್ಲ ನಂಬಿದ್ದರು, ಗುತ್ತೆವ್ವನೂ ನಂಬಿದ್ದಳು. ಮೊದಲ ಮಣಿ ಏರಿಸುವಾಗ ಅವಳು ಅಂದುಕೊಂಡೇ ಬಿಟ್ಟಳು: ಇದು ಬಾಳದಿರಲಿ.

ಅಂದುಕೊಂಡ ಮರುಗಳಿಗೆ ಕೈ ನಿಂತಿತು. ತಾಳಿ ಬಾಳಬಾರದು ಎಂದರೆ ಏನು? ಆ ಅಬಲೂರ ಹುಡುಗಿ ಅಳಲಿ ಎಂದಲ್ಲ; ಅವನು ಸಾಯಲಿ ಎಂದು. ಅವನನ್ನು ಪುಕ್ಕಲ ಎನ್ನಬಹುದು, ಮಾತಿಗೆ ತಪ್ಪಿದವನು ಎನ್ನಬಹುದು. ಸಾಯಲಿ ಎನ್ನಲು ಅವಳಿಂದಾಗಲಿಲ್ಲ. ಏರಿಸಿದ ಮಣಿ ತೆಗೆದಳು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು, ಹೊಸದಾಗಿ ಪೋಣಿಸಲು ಕೂತಳು.

ಅವಳು ಕೊನೆಯ ಮಣಿ ಏರಿಸಿ ಮುಗಿಸುವಷ್ಟರಲ್ಲಿ ಅರಿಷಿಣ ಬಳಿದುಕೊಂಡ ಉಳಿವೆಪ್ಪ ಪಡಸಾಲೆಗೆ ಬಂದವನು ಅವಳನ್ನು ಕಂಡ. ನೋಡಬೇಕೆಂದಿದ್ದ ಮುಖವನ್ನು ಗುತ್ತೆವ್ವ ನೋಡಿದಳು. ನೋಡಿ ಖುಷಿಯೇನೂ ಆಗಲಿಲ್ಲ. ಅವನು ನೇರ ಅಡುಗೆಮನೆಗೆ ಹೋಗಿ ತಾಯಿಯ ಮುಂದೆ ಎಲ್ಲ ಹೇಳಿಬಿಟ್ಟ. ಉಗಾದಿಗೆ ಬಿಡಬೇಕಿದ್ದ ಬಾಯನ್ನು ಅರಿಷಿಣ ಹಚ್ಚಿದ ಮೇಲೆ ಬಿಟ್ಟ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಮುದಕವ್ವ ಓಡಿ ಬಂದಳು. ತಾಳಿ ಎತ್ತಿಕೊಂಡು ಗುತ್ತೆವ್ವನನ್ನು ಕೋಣೆಯೊಳಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

“ನನಗ ಗೊತ್ತಿರಲಿಲ್ಲ ತಾಯಿ. ಖರೇ ಹೇಳು, ಪೋಣಿಸೂ ಮುಂದ ಏನ ಅನಕೊಂಡಿ? ಕೆಟ್ಟದ್ದು ಅನಕೊಂಡಿದ್ರ ಹೇಳಿಬಿಡು. ಬ್ಯಾರೆ ಮಾಡಸ್ತೇನಿ.”

“ಮೊದಲನೇ ಮಣಿಗೆ ಅನಕೊಂಡಿದ್ದೆ ರೀ, ಸುಳ್ಳ ಯಾಕ ಹೇಳ್ಲಿ? ಅದನ್ನ ತಗದು, ಕೈ ತೊಳಕೊಂಡು ಮತ್ತ ಕುಂತೆ. ತಾಳಿ ಗಟ್ಟಿ ಇರಬೇಕಂದ್ರ ಅವರು ಗಟ್ಟಿ ಇರಬೇಕಲ್ರಿ. ಅವರಿಗೆ ಆಯುಷ್ಯ ಬೇಡಕೊಂಡೇನಿ. ನನಗ ಬ್ಯಾರೆ ಏನ ಬೇಡೂ ಹಕ್ಕೈತಿ?”

ಮುದಕವ್ವ ತಾಳಿಯನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿಟ್ಟುಕೊಂಡಳು. ಅಂದು ಗುತ್ತೆವ್ವ ಹಿತ್ತಲಲ್ಲಿ ಉಣ್ಣಲಿಲ್ಲ. ಒಳಮನೆಯಲ್ಲಿ ತನ್ನ ಪಕ್ಕ ಕೂಡಿಸಿಕೊಂಡು ಮುದಕವ್ವನೇ ಬಡಿಸಿದಳು. ಬೀಗರು ಮೂಗು ಮುರಿದರು, ಮುರಿಯಲಿ.

ಉಳಿವೆಪ್ಪ ಹೆಂಡತಿಯನ್ನು ಕರೆದುಕೊಂಡು ಹಿರೇಕೆರೂರಿಗೆ ಬದಲಿಯಾಗಿ ಹೋದ. ಗುತ್ತೆವ್ವ ಆ ಮಳೆಗಾಲವೆಲ್ಲ ಅತ್ತಳು, ಕೆಲಸ ಮಾಡುತ್ತಲೇ ಅತ್ತಳು. ಅಳು ತೀರಿದ ಮೇಲೆ ನೋಡಿದರೆ ಬದುಕು ಕೆಟ್ಟದ್ದೇನೂ ಇರಲಿಲ್ಲ. ಇನ್ನೊಬ್ಬ ಗಂಡಸನ್ನು ಒಳಗೆ ಕರೆಯಲಿಲ್ಲ. ಎಮ್ಮೆ ಎರಡಾದವು, ಆಮೇಲೆ ನಾಲ್ಕಾದವು. ಓಣಿಯ ಹುಡುಗಿಯರಿಗೆ ಸೋಬಾನೆ ಪದ ಕಲಿಸಿದಳು. ಪಕ್ಕದ ಮನೆಯ ಅಖ್ತರುನ್ನೀಸಾಳ ಜೊತೆ ಸಂಜೆ ಎಲೆಯಡಿಕೆ, ಹರಟೆ. ಒಮ್ಮೆ ಶಿಗ್ಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಉಳಿವೆಪ್ಪ ಹೆಗಲ ಮೇಲೆ ಮಗುವನ್ನು ಕೂಡಿಸಿಕೊಂಡು ನಿಂತದ್ದು ಕಂಡಿತು. ಸ್ವಲ್ಪ ಹೊಟ್ಟೆ ಬಂದಿತ್ತು. ಸುಖವಾಗಿದ್ದಾನೆ ಎಂದು ಅವಳಿಗೂ ಸುಖವಾಯಿತು. ಮಾತಾಡಿಸದೆ ಬಸ್ಸು ಹತ್ತಿ ಬಂದಳು.

ಎಂಬತ್ತಾರರ ಶ್ರಾವಣದಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದು ನಿಂತಳು.

“ನಾನ್ರಿ, ಶಾರವ್ವ. ತಿಳವಳ್ಳಿ ಮುದಕವ್ವನ ಸೊಸಿ. ದಾರ ಸವದೈತ್ರಿ, ಹೊಸಾದು ಪೋಣಿಸಿ ಕೊಡ್ರಿ.”

ದಾರ ಬದಲಿಸಲು ಯಾರೂ ಹಿರೇಕೆರೂರಿನಿಂದ ಸವಣೂರಿಗೆ ಬರುವುದಿಲ್ಲ. ಗುತ್ತೆವ್ವ ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಕೂತಳು.

“ಅತ್ತಿ ತೀರಿಕೊಳ್ಳೂ ಮುಂದ ಎಲ್ಲಾ ಹೇಳಿ ಹೋದ್ರು” ಎಂದಳು ಶಾರವ್ವ.

“ಸಿಟ್ಟು ಬರಲಿಲ್ಲೇನು ತಂಗಿ?”

“ಬಂತ್ರಿ. ಎರಡು ವರ್ಷ ಇತ್ತು. ಹ್ವಾದ ತಿಂಗಳ ಅವರು ಎದಿ ಹಿಡಕೊಂಡು ಬಿದ್ರಲ್ಲ, ಅವತ್ತ ಹೋತು. ಹುಬ್ಬಳ್ಳಿ ದವಾಖಾನಿಗೆ ಒಯ್ದು ಉಳಿಸಿಕೊಂಡು ಬಂದೇವ್ರಿ. ಆದ್ರ ನನಗ ರಾತ್ರಿ ನಿದ್ದಿ ಹತ್ತೂದಿಲ್ಲ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ಬೇಡಿದ್ರ ಅದು ನನ್ನ ಸಲುವಾಗಿ, ನನ್ನ ಮಕ್ಕಳ ಸಲುವಾಗಿ. ದೇವರಿಗೂ ಗೊತ್ತೈತಿ ಅದು. ನೀವು ಬೇಡ್ರಿ ಅಕ್ಕಾರ. ಅವರು ಬದುಕಿದ್ರ ನಿಮಗೇನೂ ಸಿಗೂದಿಲ್ಲ. ಹಂತವರು ಬೇಡಿದ್ದ ದೇವರಿಗೆ ಮುಟ್ಟತೈತಿ.”

ಗುತ್ತೆವ್ವನ ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು.

“ಏನೂ ಸಿಗೂದಿಲ್ಲಂತ ನಿನಗ ಯಾರು ಹೇಳಿದ್ರು ತಂಗಿ?” ಎಂದಳು. “ಬಾ, ಕೊರಳು ಬರಿದಿರಬಾರದು, ಒಂದು ಅರಿಷಿಣ ಕೊಂಬು ಕಟ್ಟಿಕೊ. ತಾಳಿ ನನ್ನ ಕೈಯಾಗ ಕೊಡು.”