ಮೈಲೇಜ್ ಮಾವ

ನಮ್ಮ ಬೀದಿಯಲ್ಲಿ ಹಳೇ ವ್ಯಾನಿನಲ್ಲಿ ಸಾಮಾನು ಸಾಗಿಸುವ ಹಿರಿಯರಿಗೆ ಎಲ್ಲರೂ ಇಟ್ಟಿರುವ ಹೆಸರು ಮೈಲೇಜ್ ಮಾವ. ಇಳಿಜಾರು ಕಂಡರೆ ಅವರ ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಡುತ್ತದೆ. ಸಿಗ್ನಲ್ ಪೂರ್ತಿ ಕೆಂಪಾಗುವ ಮೊದಲೇ ಎಂಜಿನ್ ಆರಿರುತ್ತದೆ. ತೂಕ ಇಳಿಯಲೆಂದು ಗಾಡಿಯಿಂದ ಏನೇನೋ ಕಳಚಿದ್ದಾರೆ, ಇನ್ನು ಉಳಿದಿರುವುದು ಚಕ್ರ ಮತ್ತು ಹಾರನ್ ಮಾತ್ರ ಎಂದು ಮೆಕ್ಯಾನಿಕ್ ಗೊಣಗುತ್ತಾನೆ. ಬೀರು ಸಾಗಿಸಲು ಬಂದವರು ಪಕ್ಕದಲ್ಲಿ ಹತ್ತಿ ಕೂತರೆ "ಊಟ ಆಯ್ತಾ?" ಎಂದು ಮಾವ ಕೇಳುತ್ತಾರೆ; ಅದು ಉಪಚಾರಕ್ಕಲ್ಲ, ಭಾರದ ಅಂದಾಜಿಗೆ. "ನಿಧಾನ ಹೋದ್ರೆ ಗಾಡಿ ಡೀಸೆಲ್ ಮೂಸುತ್ತೆ, ಜೋರಾಗಿ ಹೋದ್ರೆ ಗಟಗಟ ಕುಡಿಯುತ್ತೆ" ಎನ್ನುವುದು ಅವರ ವೇದಾಂತ. ಇಷ್ಟು ಜಿಪುಣರಾದವರು ಸಂಜೆ ತಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಮಾತ್ರ ಎಂಜಿನ್ ಆರಿಸದೆ ಸುಮ್ಮನೆ ಕೂತಿರುತ್ತಾರೆ. ಎದುರಿಗೆ, ಬೆಳಗ್ಗೆ ತಾವೇ ಹಾಕಿಹೋದ ಬೀಗ ಬಾಗಿಲಲ್ಲಿ ತೂಗುತ್ತಿರುತ್ತದೆ. ಹೊಗೆಯೆಲ್ಲ ನಮ್ಮ ಅಡುಗೆಮನೆಗೆ. ಮೊನ್ನೆ ತಡೆಯಲಾರದೆ ಹೋಗಿ, "ಮಾವ, ಡೀಸೆಲ್ ಸುಮ್ಮನೆ ದಂಡ ಆಗ್ತಿದೆಯಲ್ಲ" ಎಂದೆ. ಕೀಲಿಯ ಮೇಲೆ ಕೈಯಿಟ್ಟರು, ತಿರುಗಿಸಲಿಲ್ಲ. "ಓಡ್ತಾ ಇದ್ರೆ ಇನ್ನೂ ದಾರೀಲಿದೀನಿ ಅನ್ಸುತ್ತಪ್ಪ. ಆರಿಸಿದ್ರೆ ಮನೆಗೆ ಬಂದ ಹಾಗಾಗುತ್ತೆ."