ಶೀತದ ಸೂಜಿ

ನನಗೆ ವಿವರಿಸಿ ಹೇಳುವ ತಾಳ್ಮೆ ಕಡಿಮೆ. ಬೇಲೂರಿನ ಕಚೇರಿಯಲ್ಲಿ ಬೆಳಗಿಂದ ಸಂಜೆಯವರೆಗೆ ಬಂದವರಿಗೆಲ್ಲ ಅದೇ ಅರ್ಜಿ, ಅದೇ ನಕಲು ಎಂದು ಒದರಿ ಸಾಕಾಗಿ, ಮನೆಯಲ್ಲಿ ಒಂದು ಮಾತಿಗೆ ಎರಡು ಮಾತು ಸೇರಿಸುವುದಕ್ಕೂ ಬೇಸರ. ಆ ಬೇಸರವೇ ಅತ್ತೆಯ ವಿಷಯದಲ್ಲಿ ಮುಳುವಾಯಿತು.

ಅತ್ತೆ ಬಸ್ತಿಹಳ್ಳಿಯವರು, ಹೊಲದಲ್ಲೇ ಬೆಳೆದವರು. ನಮ್ಮ ಜೊತೆ ಬೇಲೂರಿನಲ್ಲಿದ್ದರೂ ಬಿತ್ತನೆಯ ಹೊತ್ತಿಗೆ ಹಳೇಬೀಡಿನ ಬಸ್ಸು ಹತ್ತಿ ಹೋಗಿ ಬದುವಿನ ಮೇಲೆ ಕೂತು ಬರದಿದ್ದರೆ ಅವರಿಗೆ ಸಮಾಧಾನವಿಲ್ಲ. ಉಬ್ಬಸದ ಮೈ ಬೇರೆ. ಮಳೆಗಾಲದ ಒಂದು ಜ್ವರಕ್ಕೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅವರನ್ನು ನೋಡುತ್ತಿದ್ದ ಅರಸೀಕೆರೆಯ ಡಾಕ್ಟರು, ಫ್ಲೂ ಜ್ವರಕ್ಕೆ ಲಸಿಕೆ ತರಿಸಿಕೊಡುತ್ತೇನೆ, ಮಳೆ ಹಿಡಿಯುವ ಮೊದಲೇ ಹಾಕಿಸಿ ಎಂದರು.

"ಹಾಕಿಸಿದ್ರೆ ಬರೋದೇ ಇಲ್ವಾ ಸಾರ್?" ಎಂದೆ.

"ಹಾಗೆ ಹೇಳೋಕಾಗಲ್ಲಮ್ಮ. ಈ ರೋಗಾಣು ವರ್ಷವರ್ಷ ವೇಷ ಬದಲಾಯಿಸುತ್ತೆ. ಮುಂದೆ ಯಾವ ವೇಷದಲ್ಲಿ ಬರುತ್ತೆ ಅಂತ ತಿಂಗಳುಗಳ ಮೊದಲೇ ಊಹಿಸಿ ಲಸಿಕೆ ತಯಾರಿಸ್ತಾರೆ. ಊಹೆ ಕೂಡಿಬಂದ ವರ್ಷ ಚೆನ್ನಾಗಿ ಕೆಲಸ ಮಾಡುತ್ತೆ, ತಪ್ಪಿದ ವರ್ಷ ಅಷ್ಟಕ್ಕಷ್ಟೆ. ವಯಸ್ಸಾದವರಲ್ಲಿ ಇನ್ನೂ ಕಮ್ಮಿ. ಆದರೂ ಹಾಕಿಸಿ. ಜ್ವರ ಬಂದರೂ ಕೈಮೀರಿ ಹೋಗೋ ಅಪಾಯ ಕಮ್ಮಿಯಾಗಬಹುದು."

ಇಷ್ಟನ್ನೂ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ಹೇಳಬೇಕಿತ್ತು. ನಾನು ಹೇಳಿದ್ದು ಒಂದೇ ಮಾತು: "ಶೀತದ ಸೂಜಿ ಅತ್ತೆ. ಹಾಕಿಸಿಕೊಂಡ್ರೆ ಈ ವರ್ಷ ಬರಲ್ಲ."

ಅವರ ಊರಿನಲ್ಲಿ ಮೂಗು ಸೋರಿದರೂ ಶೀತ, ಎದೆ ಕಟ್ಟಿದರೂ ಶೀತ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಸೂಜಿ ಹಾಕಿಸಿಕೊಂಡು ಬಸ್ತಿಹಳ್ಳಿಗೆ ಹೋದವರು ಊರಿಗೆಲ್ಲ ಸಾರಿಬಂದರು: "ನನ್ ಸೊಸೆ ಸೂಜಿ ಹಾಕ್ಸವ್ಳೆ. ಈ ಸಲ ನಂಗೆ ಸೀತ ಅಂಬೋದೇ ಇಲ್ಲ."

ಆಷಾಢದ ಗಾಳಿಗೆ ಮೂಗು ಸೋರಿತು. ಎರಡು ದಿನದ ಬರೀ ನೆಗಡಿ. ಆ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಜ್ವರ ಬಂದು ಜನ ಮಲಗಿದರೂ ಅತ್ತೆ ಮಲಗಲಿಲ್ಲ. ಬಾರದ ಜ್ವರವನ್ನು ಯಾರು ಲೆಕ್ಕಕ್ಕಿಡುತ್ತಾರೆ? ನೆಗಡಿ ಮಾತ್ರ ಎಲ್ಲರ ಕಣ್ಣಿಗೆ ಬಿತ್ತು. ಊರಿನವರು ಆಡಿಕೊಂಡು ನಕ್ಕರಂತೆ.

ಮರುವರ್ಷ ಕರೆದಾಗ ಅತ್ತೆ ಕಡ್ಡಿ ಮುರಿದಂತೆ ಹೇಳಿದರು. "ಸುಳ್ಳು ಸೂಜಿ ಕಣವ್ವ ಅದು. ಒಂದ್ಸಲ ಮಾನ ಹೋಗಿದ್ದು ಸಾಕು."

ಆಗಲಾದರೂ ಕೂತು ಹೇಳಬಹುದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ರಜೆ ಹಾಕಿ, ಡಾಕ್ಟರಿಗೆ ಹೇಳಿ ತರಿಸಿದ್ದೇನೆ, ಇವರಿಗೆ ಮಾನವಂತೆ! "ನಿಮ್ಮಿಷ್ಟ" ಎಂದು ತಟ್ಟೆ ಕುಕ್ಕಿ ಎದ್ದುಹೋದೆ.

ಆ ಮಳೆಗಾಲ ಅವರಿಗೆ ಜ್ವರ ಬಂತು. ಮೂರನೇ ದಿನಕ್ಕೆ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಆಮ್ಲಜನಕದ ನಳಿಕೆ ಹಾಕಿದ್ದರು. ಮಧ್ಯಾಹ್ನ ಗಂಜಿ ಕುಡಿಸುವಾಗ ಕೇಳಿದರು: "ಹಾಕುಸ್ಕಂಡಿದ್ರೆ ಬತ್ತಿರ್ನಿಲ್ವಾ?"

ಇನ್ನೊಂದು ಸುಳ್ಳು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಗೊತ್ತಿಲ್ಲ ಅತ್ತೆ. ಅವರು ಮುಂಚೇನೇ ಊಹೆ ಮಾಡಿ ತಯಾರಿಸ್ತಾರಂತೆ. ಒಂದೊಂದು ವರ್ಷ ಸರಿಹೋಗುತ್ತೆ, ಒಂದೊಂದು ವರ್ಷ ಇಲ್ಲ. ಡಾಕ್ಟ್ರು ಮೊದಲನೇ ದಿನವೇ ಹೇಳಿದ್ರು. ಬರಲ್ಲ ಅಂತ ಹೇಳಿದ್ದು ನಾನೇ."

ಅವರು ನನ್ನನ್ನೇ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹಂಗಂತ ಹೇಳ್ಬಾರ್ದಿತ್ತಾ ಅವತ್ತೇ?" ಎಂದರು. ಉಸಿರು ಎಳೆದುಕೊಂಡು ಮತ್ತೆ, "ನಾವೇನ್ ಮಳೆ ಬಂದೇ ಬತ್ತದೆ ಅಂತ ಬಿತ್ತಿದ್ವಾ? ಆರಿದ್ರೆ ಮಳೆ ಕೈಕೊಟ್ಟ ವರ್ಷ ಬೀಜ ಸುಟ್ಟೋಯ್ತದೆ. ಮುಂದಿನ ವರ್ಷ ಬಿತ್ತೋದ್ ಬಿಟ್ವಾ? ಹಾಕುಸ್ಕಂತಿದ್ದೆ ಕಣವ್ವ."

ಅದಾಗಿ ಎರಡು ದಿನಕ್ಕೆ ಅತ್ತೆ ತೀರಿಕೊಂಡರು. ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಮೊದಲ ದಿನ ಹೇಳಿದ್ದರೆ ಅವರು ಎರಡನೇ ವರ್ಷವೂ ತೋಳು ಒಡ್ಡುತ್ತಿದ್ದರು ಎಂಬುದು ಮಾತ್ರ ಗೊತ್ತು.